ಹುಟ್ಟುತ್ತಲೇ ಮೇಲುಸಿರು

ಪ್ರಶ್ನೆ: ಕೆಲವು ಕುದುರೆಮರಿಗಳು ಹುಟ್ಟಿದ ಒಂದೆರಡು ದಿನದಲ್ಲೇ ಉಸಿರಾಡಲಾಗದೆ ಸಾಯುತ್ತವಂತೆ. ಅಷ್ಟು ಬೇಗ ವೈರಸ್ ಎಲ್ಲಿಂದ ತಗಲುತ್ತದೆ?

ಉತ್ತರ: ಬಹಳ ಸಲ ತಾಯಿಯ ಹೊಟ್ಟೆಯಲ್ಲೇ. ಮುಖ್ಯ ಕಾರಣ ಕುದುರೆಗಳ ಹರ್ಪಿಸ್ ವೈರಸ್-1. ಗಬ್ಬದ ಕುದುರೆಗೆ ತಗಲಿದ ಈ ವೈರಸ್ ರಕ್ತದ ಬಿಳಿ ಕಣಗಳೊಳಗೆ ಅಡಗಿ ಗರ್ಭಕೋಶ ಸೇರುತ್ತದೆ. ಸಾಮಾನ್ಯವಾಗಿ ಕೊನೆಯ ತಿಂಗಳುಗಳಲ್ಲಿ ಕುದುರೆ ಕಂದು ಹಾಕುತ್ತದೆ. ದಿನ ತುಂಬಿ ಹುಟ್ಟಿದರೂ ಮರಿಯ ಶ್ವಾಸಕೋಶ, ಯಕೃತ್ತು ಆಗಲೇ ಹಾಳಾಗಿರುತ್ತವೆ. ಅದು ನಿಲ್ಲಲಾರದು, ಮೊಲೆ ಚೀಪಲಾರದು, ಬದುಕುವುದು ಅಪರೂಪ.

ಎರಡನೆಯದು ಆರ್ಟರೈಟಿಸ್ ವೈರಸ್. 1953ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಬುಸೈರಸ್‌ನಲ್ಲಿ ಕುದುರೆಗಳು ಕಂದು ಹಾಕತೊಡಗಿದಾಗ ಇದು ಪತ್ತೆಯಾಯಿತು. ಎಳೆಮರಿಗಳಲ್ಲಿ ಇದು ತೀವ್ರ ನ್ಯುಮೋನಿಯಾ ತರುತ್ತದೆ. ಅಡಿನೋವೈರಸ್ ಸಾಮಾನ್ಯವಾಗಿ ಸೌಮ್ಯ. ಆದರೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಕೆಲವು ಅರಬ್ಬಿ ತಳಿಯ ಮರಿಗಳಿಗೆ ಮಾರಕ. ತಾಯಿಯಿಂದ ರೋಗ ತಡೆಯುವ ಪ್ರತಿಕಾಯಗಳು ಸಿಗದ ಮರಿಗೆ ಇನ್‌ಫ್ಲುಯೆಂಜಾ ಕೂಡ ಪ್ರಾಣಾಂತಕವಾಗಬಹುದು.

ಕುದುರೆಯ ಮಾಸು ಈ ಪ್ರತಿಕಾಯಗಳನ್ನು ಮರಿಗೆ ದಾಟಿಸುವುದಿಲ್ಲ. ಅವು ಸಿಗುವುದು ಗಿಣ್ಣುಹಾಲಿನಿಂದ, ಅದೂ ಮೊದಲ 24 ಗಂಟೆಯೊಳಗೆ ಕುಡಿದರೆ. ಗರ್ಭದಲ್ಲೇ ತಗಲಿದ ಸೋಂಕಿಗೆ ಗಿಣ್ಣೂ ಸಾಲದು. ಅದಕ್ಕೇ ಗಬ್ಬದ 5, 7, 9ನೇ ತಿಂಗಳಲ್ಲಿ ಹರ್ಪಿಸ್ ಲಸಿಕೆ ಹಾಕಿಸುತ್ತಾರೆ. ಹೊಸದಾಗಿ ತಂದ ಕುದುರೆಗಳನ್ನು ಗಬ್ಬದವುಗಳ ಜೊತೆ ಬಿಡುವುದಿಲ್ಲ.