ಜೀರ್ಣರಥದ ಉದ್ಧಾರ

ಮನೆಯಲ್ಲಿ ಹಳೆಯ ವಸ್ತುವೊಂದಿದ್ದರೆ ಗೃಹಸ್ಥನಿಗೆ ಎರಡು ಬಗೆಯ ಸಂಕಟ: ಇಟ್ಟುಕೊಂಡರೆ ಸ್ಥಳಕ್ಕೆ, ಮಾರಿದರೆ ಮನಸ್ಸಿಗೆ. ಗಿರಿನಗರದಲ್ಲಿರುವ ನಮ್ಮ ಸೋದರಮಾವನವರ ಮನೆಯ ಷೆಡ್ಡಿನಲ್ಲಿ ಇಂತಹುದೊಂದು ವಸ್ತು ಬಹುಕಾಲ ಧೂಳು ಹೊದ್ದು ನಿಂತಿತ್ತು. ಅದು 1957 ನೆಯ ಇಸವಿಯ ಮಾರಿಸ್ ಮೈನರ್ ಮೋಟಾರು. ಮಾವನವರು ಕಾಲವಾದ ತರುವಾಯ ಗುಜರಿಯವರು ಎರಡು ಸಲ ಬಂದು ಬೆಲೆ ಕೇಳಿದರು. ಎಂಬತ್ತು ದಾಟಿದ ನಮ್ಮ ಅತ್ತೆಯವರು, "ಅದರಲ್ಲಿ ಕೂತು ಇನ್ನೊಂದು ಸಲ ದೊಡ್ಡಗಣಪತಿಯ ದರ್ಶನ ಮಾಡಿಬರಬೇಕಪ್ಪಾ, ಆಮೇಲೆ ಏನಾದರೂ ಮಾಡಿಕೊಳ್ಳಿ" ಎಂದರು. ಆ ಒಂದು ಮಾತಿನಿಂದ ಜೀರ್ಣೋದ್ಧಾರದ ಭಾರವು ನಮ್ಮ ತಲೆಯ ಮೇಲೆ ಬಿದ್ದಿತು. ಈ ಕಾರ್ಯದಲ್ಲಿ ನಾವು ಕಲಿತುದನ್ನೂ, ಕಲಿಯದೆ ಕೆಟ್ಟುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ವಾಹನದ ಜನ್ಮವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆವು. ಮಾರಿಸ್ ಮೈನರಿನ ಈ ರೂಪವು 1948 ರ ಅಕ್ಟೋಬರಿನಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಬೆಳಕು ಕಂಡಿತು. ಇದನ್ನು ಕಲ್ಪಿಸಿದವರು ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ. 1959 ರಲ್ಲಿ ಮಿನಿ ಎಂಬ ಪುಟ್ಟ ಮೋಟಾರನ್ನು ಲೋಕಕ್ಕೆ ಕೊಟ್ಟವರೂ ಅವರೇ. ಮೈನರಿನ ಮಾದರಿಯು ಸಿದ್ಧವಾದ ಮೇಲೆ ಅಗಲ ಸಾಲದೆಂದು ತೋರಲು, ಅವರು ಅದನ್ನು ಉದ್ದಕ್ಕೆ ಸೀಳಿಸಿ, ನಡುವೆ 4 ಅಂಗುಲ ಸೇರಿಸಿದರು. ಬಾನೆಟ್ಟಿನ ಮಧ್ಯದಲ್ಲಿ ಕಾಣುವ ಪಟ್ಟಿಯು ಆ ತಿದ್ದುಪಡಿಯ ಗುರುತು. ಸಂಸ್ಥೆಯ ಯಜಮಾನರಾದ ನಫೀಲ್ಡ್ ಪ್ರಭುಗಳು ಇದನ್ನು ಬೇಯಿಸಿದ ಮೊಟ್ಟೆಗೆ ಹೋಲಿಸಿ ಹಳಿದರಂತೆ. ಆದರೆ ಜನರ ತೀರ್ಪು ಬೇರೆಯಾಯಿತು: ಬ್ರಿಟಿಷ್ ಮೋಟಾರುಗಳಲ್ಲಿ ಮೊತ್ತಮೊದಲು ಹತ್ತು ಲಕ್ಷದ ಎಣಿಕೆಯನ್ನು ಮುಟ್ಟಿದುದು ಇದೇ. ಇದರ ಹಿರಿಯ ದಾಯಾದಿಯಾದ ಮಾರಿಸ್ ಆಕ್ಸ್‌ಫರ್ಡ್ ನಮ್ಮ ದೇಶದಲ್ಲಿ ಅಂಬಾಸೆಡರ್ ಎಂಬ ಹೆಸರಿನಿಂದ 2014 ರವರೆಗೂ ತಯಾರಾಗುತ್ತಿತ್ತು.

ನಮ್ಮ ವಾಹನದ ಎಂಜಿನ್ನು 948 ಸಿ.ಸಿ. ಪ್ರಮಾಣದ್ದು, ಶಕ್ತಿ 37 ಅಶ್ವಗಳಷ್ಟು. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚಿ ದಿಕ್ಕನ್ನು ತೋರಿಸುವುದು. ಇದಕ್ಕೆ ಪ್ರತ್ಯೇಕವಾದ ಛಾಸಿಯಿಲ್ಲ. ತಗಡಿನ ಮೈಯೇ ಭಾರವನ್ನು ಹೊರತಕ್ಕದ್ದು. ಆದಕಾರಣ ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿಯಿತೆಂದರೆ ಅದು ಅಂದದ ಪ್ರಶ್ನೆಯಲ್ಲ, ಅಸ್ಥಿಭಂಗವೇ ಸರಿ.

ಇಷ್ಟನ್ನು ತಿಳಿದೂ ನಾವು ತಪ್ಪಿದೆವು. ಒಂದು ವರ್ಕ್‌ಷಾಪಿಗೆ ವಾಹನವನ್ನು ಒಪ್ಪಿಸಿದೆವು. ನಾಲ್ಕು ತಿಂಗಳಲ್ಲಿ ಅದು ಹೊಸ ಬಣ್ಣ, ಹೊಸ ಸೀಟು, ಥಳಥಳಿಸುವ ಬಂಪರುಗಳೊಡನೆ ಮದುಮಗಳಂತೆ ಮರಳಿತು. ನಾವು ಬಣ್ಣವನ್ನು ನೋಡಿ ಮರುಳಾದೆವೇ ಹೊರತು ಕೆಳಗೆ ಬಗ್ಗಿ ನೋಡಲಿಲ್ಲ. ಒಂದು ಶುಕ್ರವಾರ ಮುಂಜಾನೆ ಅತ್ತೆಯವರನ್ನು ಹಿಂದೆ ಕುಳ್ಳಿರಿಸಿಕೊಂಡು ಹೊರಟೆವು. ವಿದ್ಯಾಪೀಠದ ವೃತ್ತ ಇನ್ನೂ ಬಂದಿರಲಿಲ್ಲ. ಓರೆಯಾಗಿ ತಿರುಗಿಸುತ್ತಿರುವಾಗ ದಢಾರೆಂದು ಸದ್ದಾಗಿ ಮುಂದಿನ ಎಡಚಕ್ರವು ಹೊರಕ್ಕೆ ಮಡಿಸಿಕೊಂಡಿತು. ವಾಹನವು ಮಂಡಿಯೂರಿದ ಆನೆಯಂತೆ ರಸ್ತೆಯಲ್ಲಿ ಕುಸಿಯಿತು. ನಡೆಯುವಷ್ಟೇ ವೇಗವಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಬರುತ್ತಿದ್ದ ಬಸ್ಸು ಸಕಾಲದಲ್ಲಿ ನಿಂತಿತು. ಅದೇ ಚಕ್ರವು ಮೈಸೂರು ರಸ್ತೆಯಲ್ಲಿ ಮಡಿಸಿಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮಾವನವರ ಕಾಲದ ಮುದುಕ ಮೆಕ್ಯಾನಿಕ್ ಸಾಬರೊಬ್ಬರನ್ನು ಹುಡುಕಿ ಕರೆತಂದೆವು. ಅವರು ಚಾಪೆ ಹಾಸಿಕೊಂಡು ಕೆಳಗೆ ನುಸುಳಿ, ಹೊರಬಂದು, "ಮೇಷ್ಟ್ರೇ, ಮುಖಕ್ಕೆ ಪೌಡರು ಹಚ್ಚಿದೀರಿ, ಮಂಡಿಗೆ ಎಣ್ಣೆ ಹಚ್ಚಿಲ್ಲ" ಎಂದರು. ಸಂಗತಿಯೇನೆಂದರೆ, ಮೈನರಿನ ಮುಂದಿನ ಚಕ್ರಗಳು ತಿರುಗುವುದು ಮರೆಯುಳ್ಳ ಉಕ್ಕಿನ ಗೂಟದ ಮೇಲೆ. ಅದರ ಕೆಳತುದಿಯು ಟ್ರನಿಯನ್ ಎಂಬ ತಿರುಪಿನ ಗೂಡಿನೊಳಗೆ ಕುಳಿತಿರುವುದು. ಒಂದೊಂದು ಪಕ್ಕಕ್ಕೆ ಮೇಲೊಂದು ಕೆಳಗೊಂದರಂತೆ 4 ಗ್ರೀಸಿನ ನಿಪ್ಪಲುಗಳುಂಟು. ಅವುಗಳಿಗೆ ಕಾಲಕಾಲಕ್ಕೆ ಗ್ರೀಸು ಒತ್ತದಿದ್ದರೆ ಮರೆಗಳು ಸವೆದು, ಒಂದು ದಿನ ಗೂಟವು ಗೂಡಿನಿಂದ ಕಳಚಿಬೀಳುವುದು. ನಮ್ಮ ನಿಪ್ಪಲುಗಳ ಬಾಯಿಗೆ ಹೊಸ ಬಣ್ಣವೇ ಬಿರಡೆಯಾಗಿತ್ತು!

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸನ್ನು ರಥದ ಅಚ್ಚಿಗೆ ಹೋಲಿಸಿದೆ. ಒಳ್ಳೆಯ ಅಚ್ಚು ತನ್ನ ಕಾಲವನ್ನು ಪೂರೈಸಿ ಸವೆದು ಮುಗಿಯುವುದು. ಆದರೆ ಅತಿಭಾರ, ವಿಷಮ ಮಾರ್ಗ, ಸಾರಥಿಯ ದೋಷ, ಎಣ್ಣೆಯ ಅಭಾವ ಮುಂತಾದವುಗಳಿಂದ ನಡುವೆಯೇ ಮುರಿಯುವುದು ಎಂಬುದು ಅಲ್ಲಿಯ ತಾತ್ಪರ್ಯ. ಎಷ್ಟೋ ವರ್ಷ ಇದನ್ನು ಮಕ್ಕಳಿಗೆ ಹೇಳಿದ ನಾವು ಅಚ್ಚಿನ ಅರ್ಥವನ್ನು ತಿಳಿದುದು ರಸ್ತೆಯ ನಡುವೆ!

ಎರಡನೆಯ ಸಲ ಕ್ರಮವನ್ನು ತಿರುಗಿಸಿದೆವು. ಮೊದಲು ಬ್ರೇಕು: ನಾಲ್ಕು ಚಕ್ರಗಳಿಗೂ ಡ್ರಮ್ಮುಗಳು, ಅವುಗಳ ಮಾಸ್ಟರ್ ಸಿಲಿಂಡರು ಚಾಲಕನ ಕಾಲಿನ ಕೆಳಗೆ ನೆಲದಡಿಯಲ್ಲಿ ಅಡಗಿರುವುದು, ಅದರ ರಬ್ಬರುಗಳನ್ನೆಲ್ಲ ಬದಲಾಯಿಸಿದೆವು. ಬಳಿಕ ಮುಂದಿನ ಗೂಟಗಳು, ಸ್ಟೀಯರಿಂಗು, ತುಕ್ಕು ತಿಂದ ತಗಡು. ತರುವಾಯ ಪೆಟ್ರೋಲಿನ ಕೊಳವೆಗಳು. ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20 ರಷ್ಟು ಎಥೆನಾಲ್ ಬೆರೆತಿರುವುದು. ಅದು ಹಳೆಯ ರಬ್ಬರನ್ನು ಕೆಡಿಸಿ ಸೋರುವಂತೆ ಮಾಡುವುದು. ಸೋರಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯೇ. ಆದಕಾರಣ ಎಥೆನಾಲನ್ನು ತಡೆಯುವ ಕೊಳವೆಗಳನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆವು. ಬಣ್ಣದ ಸರದಿ ಕಟ್ಟಕಡೆಗೆ.

ಕಾಗದಪತ್ರಗಳ ವಿಚಾರವನ್ನೂ ಗೃಹಸ್ಥರು ಅರಿತಿರಬೇಕು. 50 ವರ್ಷ ಮೀರಿ, ಮೂಲರೂಪದಲ್ಲಿರುವ ವಾಹನಗಳಿಗಾಗಿ ಕೇಂದ್ರ ಸರಕಾರವು 2021 ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಆ ವರ್ಗದ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಉಪಯೋಗಿಸಕೂಡದು. ನಾವು ಹಳೆಯ ಸಾಧಾರಣ ನೋಂದಣಿಯನ್ನೇ ಪರೀಕ್ಷೆ ಮಾಡಿಸಿ ನವೀಕರಿಸಿಕೊಂಡೆವು.

ಇದನ್ನು ನಡೆಸುವ ಬಗೆಯೂ ಬೇರೆ. ಕೀಲಿ ತಿರುಗಿಸಿದೊಡನೆ ಪೆಟ್ರೋಲಿನ ಪಂಪು ಟಿಕ್ ಟಿಕ್ ಎಂದು ನುಡಿಯುವುದು. ಆ ಸದ್ದು ನಿಂತ ಮೇಲೆ ಸ್ಟಾರ್ಟರನ್ನು ಎಳೆಯಬೇಕು. ವಾಹನವು ಪೂರ್ಣವಾಗಿ ನಿಲ್ಲದೆ ಮೊದಲನೆಯ ಗೇರಿಗೆ ಹಾಕಿದರೆ ಹಲ್ಲುಗಳು ಅರಚಿಕೊಳ್ಳುವುವು. ಬ್ರೇಕು ಇಂದಿನ ಮೋಟಾರಿನಂತೆ ಥಟ್ಟನೆ ಹಿಡಿಯದು. ಆದುದರಿಂದ ಮುಂದಿನ ಗಾಡಿಗೂ ನಮಗೂ ದೂರವಿರಬೇಕು.

ಕಳೆದ ಆಯುಧಪೂಜೆಯ ಮುಂಜಾವದಲ್ಲಿ ಮತ್ತೆ ಹೊರಟೆವು. ನಾವು ಕೇಳುವ ಮೊದಲೇ ಅತ್ತೆಯವರು ಸೀರೆಯುಟ್ಟು, ಹಣ್ಣುಕಾಯಿಯ ಚೀಲ ಹಿಡಿದು ಷೆಡ್ಡಿನ ಬಳಿ ನಿಂತಿದ್ದರು. "ಭಯವಿಲ್ಲವೇ ಅತ್ತೆ?" ಎಂದುದಕ್ಕೆ, "ಗ್ರೀಸು ಹಾಕಿದೀಯಷ್ಟೆ?" ಎಂದರು. ವಿದ್ಯಾಪೀಠವನ್ನು ದಾಟಿ ಬಸವನಗುಡಿಯನ್ನು ಸೇರಿದೆವು. ದೊಡ್ಡಗಣಪತಿಯ ಮುಂದೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆಯಾಯಿತು. ಮರಳುವಾಗ ಅತ್ತೆಯವರು, ಮಾವನವರು ಎಂದಿಗೂ ಕುಳಿತಿದ್ದ ಚಾಲಕನ ಸ್ಥಾನವನ್ನೇ ನೋಡುತ್ತ ಮೌನವಾಗಿದ್ದರು. ಮಾರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಮಹನೀಯರಿಗೆ ನಮ್ಮ ಬಿನ್ನಹವಿಷ್ಟೆ: ಕಣ್ಣಿಗೆ ಕಾಣುವುದಕ್ಕೆ ಮೊದಲು ಕಾಣದುದನ್ನು ಸರಿಪಡಿಸಿರಿ. ಹೀಗೆ ಮಾಡಿದರೆ ರಥವೂ ಉಳಿಯುವುದು, ರಥಿಕರೂ ಉಳಿಯುವರು.