ಎಂಜಿನಿನ ಉಸಿರುದಾರಿ

ಮೋಟಾರು ಗಾಡಿಯ ಎಂಜಿನಿಗೆ ಗಾಳಿ, ಪೆಟ್ರೋಲು, ಎಣ್ಣೆ, ನೀರು ಇವು ಬೇಕೆಂಬುದು ಸರ್ವವಿದಿತ. ಅದರ ಒಡಲಿನಲ್ಲಿ ಹುಟ್ಟುವ ಕೆಟ್ಟ ಹಬೆ ಹೊರಡುವುದಕ್ಕೂ ಒಂದು ದಾರಿ ಬೇಕೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಈ ದಾರಿ ಕೆಟ್ಟ ಗಾಡಿ ನೀಲಿ ಹೊಗೆಯನ್ನು ಕಾರುವುದು, ಎಣ್ಣೆಯನ್ನು ಕುಡಿಯುವುದು. ಎಂಜಿನಿನ ಆಯುಷ್ಯ ತೀರಿತೆಂದು ಬಗೆದು ಒಡೆಯನು ಅದನ್ನು ಪೂರ್ತಿ ಬಿಚ್ಚಿಸುವನು, ಇಲ್ಲವೆ ಗಾಡಿಯನ್ನೇ ಬಂದ ಬೆಲೆಗೆ ಮಾರಿಬಿಡುವನು. ಎಷ್ಟೋ ವೇಳೆ ದೋಷವಿರುವುದು ಬಿರುಕು ಬಿಟ್ಟ ಒಂದು ನಳಿಕೆಯಲ್ಲಿ.

ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಉಂಟಾಗುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಅನಿಲವು ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಹೊಸ ಎಂಜಿನಿನಲ್ಲಿಯೂ ಇದು ತಪ್ಪದು. ಉರಿಯದ ಪೆಟ್ರೋಲಿನ ಆವಿ, ನೀರಾವಿ, ಆಮ್ಲವನ್ನುಂಟುಮಾಡುವ ಪದಾರ್ಥಗಳು ಇವೆಲ್ಲ ಆ ಅನಿಲದಲ್ಲಿರುತ್ತವೆ. ಅದು ಅಲ್ಲಿಯೇ ನಿಂತರೆ ಎಣ್ಣೆ ಕೆಸರಾಗುವುದು. ಒತ್ತಡವೇರಿ ಸೀಲುಗಳ ಬಳಿ ಎಣ್ಣೆ ಒಸರುವುದು.

ಹಿಂದಿನ ಗಾಡಿಗಳಲ್ಲಿ ಈ ಹಬೆಯನ್ನು ಒಂದು ಕೊಳವೆಯ ಮೂಲಕ ರಸ್ತೆಯ ಮೇಲೆಯೇ ಬಿಡುತ್ತಿದ್ದರು. ಅದರಿಂದ ಊರಿನ ಗಾಳಿ ಕೆಡುತ್ತಿತ್ತು. ಆದಕಾರಣ ಕ್ಯಾಲಿಫೋರ್ನಿಯದಲ್ಲಿ ೧೯೬೧ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಹಬೆಯನ್ನು ಎಂಜಿನಿಗೇ ಹಿಂದಿರುಗಿಸಿ ಸುಡುವ ಏರ್ಪಾಡು ಬಂದಿತು. ೧೯೬೩ರ ಹೊತ್ತಿಗೆ ಅದು ಅಮೆರಿಕದ ಕಾರುಗಳಲ್ಲಿ ಸಾರ್ವತ್ರಿಕವಾಯಿತು. ಎಂಜಿನು ಗಾಳಿಯನ್ನು ಒಳಗೆಳೆಯುವ ಸೆಳೆತವೇ ಹಬೆಯನ್ನೂ ಎಳೆದುಕೊಳ್ಳುವುದು. ಒಂದು ಕವಾಟವು ಆ ಸೆಳೆತ ಮಿತಿಮೀರದಂತೆ ಕಾಯುವುದು.

ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ೨೦೦೦ದಿಂದ ೨೦೦೬ರವರೆಗಿನ ತನ್ನ ಅನೇಕ ಕಾರುಗಳಲ್ಲಿ ಬಳಸಿದ ಎಂ ೫೪ ಎಂಬ ಆರು ಸಿಲಿಂಡರಿನ ಎಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಾಳಿಯನ್ನು ಹಂಚುವ ಮ್ಯಾನಿಫೋಲ್ಡಿನ ಅಡಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಪಾತ್ರೆ ಅಡಗಿದೆ. ಹಬೆಯು ಅದರಲ್ಲಿ ಸುಳಿಯಾಗಿ ತಿರುಗುವಾಗ ಎಣ್ಣೆಯ ಹನಿಗಳು ಗೋಡೆಗೆ ತಾಗಿ ಕೆಳಗಿಳಿಯುತ್ತವೆ. ಎಣ್ಣೆಯ ಮಟ್ಟವನ್ನು ಅಳೆಯುವ ಕಡ್ಡಿಯ ಕೊಳವೆಯ ಮೂಲಕ ತಳದ ತೊಟ್ಟಿಯನ್ನು ಸೇರುತ್ತವೆ. ತಿಳಿಯಾದ ಹಬೆ ಮ್ಯಾನಿಫೋಲ್ಡಿಗೆ ಹೋಗುತ್ತದೆ.

ಈ ಪಾತ್ರೆಯೂ ಅದರ ನಳಿಕೆಗಳೂ ವರ್ಷಗಟ್ಟಲೆ ಕಾದು, ತಣಿದು, ಎಣ್ಣೆಯ ಆವಿಯಲ್ಲಿ ನೆನೆಯುತ್ತವೆ. ಕಾವು ಮತ್ತು ಆಮ್ಲಜನಕಗಳಿಂದ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಣಿಗಳು ತುಂಡಾಗುವುವು; ಆಗ ಬಳುಕುತ್ತಿದ್ದ ನಳಿಕೆ ಪೆಡಸಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವುದು. ಬಿರುಕಿನಿಂದ ಲೆಕ್ಕಕ್ಕೆ ಸಿಕ್ಕದ ಗಾಳಿ ಒಳನುಗ್ಗಿ, ನಿಂತ ಗಾಡಿಯ ಎಂಜಿನು ತಡವರಿಸುವುದು. ಕವಾಟದ ತೆಳುಪೊರೆ ಹರಿದರೆ ಸಿಳ್ಳಿನಂಥ ಸದ್ದು ಕೇಳಬಹುದು; ಸೆಳೆತ ಮಿತಿಮೀರಿ, ಎಂಜಿನು ನಡೆಯುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ಎತ್ತುವುದೇ ಕಷ್ಟವಾಗುವುದು. ಮುಚ್ಚಳ ತೆಗೆದೊಡನೆ ಹಬೆ ರಭಸದಿಂದ ಹೊರನುಗ್ಗಿದರೆ ದಾರಿ ಕಟ್ಟಿದೆ, ಇಲ್ಲವೆ ರಿಂಗುಗಳು ನಿಜವಾಗಿಯೂ ಸವೆದಿವೆ. ಇವೆರಡರಲ್ಲಿ ಯಾವುದೆಂದು ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿ ತಿಳಿದುಕೊಳ್ಳದೆ ಎಂಜಿನನ್ನು ಬಿಚ್ಚಿಸುವುದು ತರವಲ್ಲ.

ದುರಸ್ತಿಯಲ್ಲಿ ಮುಖ್ಯ ನಿಯಮ ಒಂದೇ: ಮುರಿದದ್ದನ್ನು ಮಾತ್ರ ಬದಲಿಸಬಾರದು. ಒಂದೇ ಕಾವಿನಲ್ಲಿ ಬೆಂದ ಪಾತ್ರೆ, ನಳಿಕೆಗಳು, ರಬ್ಬರಿನ ಉಂಗುರಗಳು ಇವುಗಳೆಲ್ಲದರ ವಯಸ್ಸೂ ಒಂದೇ. ಒಂದನ್ನು ಬಿಚ್ಚುವಾಗ ಪಕ್ಕದ್ದು ಮುರಿಯುವುದು ಸಾಮಾನ್ಯ. ಎಂಜಿನು ಪೂರ್ತಿ ತಣಿದ ಮೇಲೆಯೇ ಕೈಹಚ್ಚಬೇಕು. ಮ್ಯಾನಿಫೋಲ್ಡನ್ನು ತೆಗೆದರೆ ಕೆಲಸ ದೀರ್ಘವಾದರೂ ಕಣ್ಣಿಗೆ ಕಾಣುವಂತೆ ನಡೆಯುವುದು. ಆಗ ತೆರೆದ ಬಾಯಿಗಳಿಗೆ ಒಡನೆಯೇ ಶುಭ್ರವಾದ ಬಟ್ಟೆಯನ್ನು ತುರುಕಬೇಕು. ಒಂದು ಚೂರು ಸಿಲಿಂಡರಿಗೆ ಬಿದ್ದರೂ ಅನರ್ಥ. ಮುರಿದ ತುಂಡುಗಳನ್ನು ಜೋಡಿಸಿ ನೋಡಿ, ಯಾವುದೂ ಒಳಗೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಸ ಉಂಗುರಗಳಿಗೆ ಎಣ್ಣೆ ಸವರಿ ಕೂರಿಸಬೇಕು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟುಗಳನ್ನೂ ಹೊಸದಾಗಿ ಹಾಕಬೇಕು.

ಅಳತೆಕಡ್ಡಿಯ ಕೊಳವೆಯನ್ನು ಮರೆಯಬಾರದು. ಅದು ಒಂದರೊಳಗೊಂದು ಇರುವ ಎರಡು ಕೊಳವೆ. ನಡುವಿನ ಕಿರಿದಾದ ಸಂದಿನಲ್ಲಿ ಎಣ್ಣೆ ಇಳಿಯಬೇಕು. ಚಳಿಯ ದೇಶಗಳಲ್ಲಿ, ಅದರಲ್ಲಿಯೂ ಅಲ್ಪ ದೂರವಷ್ಟೇ ಓಡುವ ಗಾಡಿಗಳಲ್ಲಿ, ನೀರಾವಿ ಎಣ್ಣೆಯೊಡನೆ ಕಲೆತು ಬೆಣ್ಣೆಯಂಥ ಗಸಿಯಾಗಿ ಈ ಸಂದನ್ನು ಮುಚ್ಚುತ್ತದೆ, ಹೆಪ್ಪುಗಟ್ಟುವುದೂ ಉಂಟು. ಆಗ ಪಾತ್ರೆಯಲ್ಲಿ ತುಂಬಿದ ಎಣ್ಣೆ ಸಿಲಿಂಡರಿಗೆ ಎಳೆಯಲ್ಪಡುವುದು. ದ್ರವವನ್ನು ಅನಿಲದಂತೆ ಅದುಮಲಾಗದು. ಪಿಸ್ಟನ್ನಿನ ದಂಡವೇ ಬಾಗಿಹೋಗಬಹುದು. ಕೊಳವೆಯನ್ನು ತೊಳೆಯದೆ ಹೊಸ ಪಾತ್ರೆಯನ್ನು ಕೂರಿಸಿದರೆ ಹಳೆಯ ವ್ಯಾಧಿ ಮರುಕಳಿಸುವುದು.

ಕೆಲವರು ಈ ತೊಡಕೇ ಬೇಡವೆಂದು ನಳಿಕೆಯನ್ನು ಹೊರಗಾಳಿಗೆ ತೆರೆದುಬಿಡುವುದುಂಟು. ಇದರಿಂದ ಒಡೆಯನ ಶ್ರಮ ಉಳಿಯಬಹುದು. ಆದರೆ ಆ ಹಬೆಯನ್ನು ಬೀದಿಯಲ್ಲಿ ನಡೆಯುವವರೆಲ್ಲರೂ ಉಸಿರಾಡಬೇಕಾಗುವುದು. ಹಳೆಯ ಎಂಜಿನಿಗೆ ಮರಣಶಾಸನ ಬರೆಯುವ ಮೊದಲು ಅದರ ಉಸಿರುದಾರಿಯನ್ನು ಪರೀಕ್ಷಿಸೋಣ. ಸರಿಯಾಗಿ ಉಸಿರಾಡುವ ಎಂಜಿನು ಇನ್ನೂ ಅನೇಕ ವರ್ಷ ದುಡಿಯಬಲ್ಲದು.