ತಿಮಿಂಗಿಲ ಬೇಟೆಗಾರರ ಟೋಪಿಗಳು

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿಗೆ ಹೋದವರು ಸಾಮಾನ್ಯವಾಗಿ ರೆಂಬ್ರಾಂಟನ ಚಿತ್ರದ ಮುಂದೆ ಮುಗಿಬೀಳುತ್ತಾರೆ. ನನ್ನ ಕಾಲು ಕದಲದೆ ನಿಂತಿದ್ದು ಹಳೆಯ ಉಣ್ಣೆ ಟೋಪಿಗಳ ಮುಂದೆ. ಒಂದು ಕಂದು ಬಣ್ಣದ್ದು, ಇನ್ನೊಂದಕ್ಕೆ ಅಡ್ಡಪಟ್ಟೆ. ಮುಖ ಹತ್ತಿರ ತಂದರೆ ಹೆಣಿಗೆಯ ಕುಣಿಕೆಗಳೂ ಕಾಣುತ್ತವೆ. ಹದಿನೇಳನೇ ಶತಮಾನದ ಈ ಟೋಪಿಗಳನ್ನು ತೊಟ್ಟೇ ಮಣ್ಣಾದವರು ಡಚ್ ತಿಮಿಂಗಿಲ ಬೇಟೆಗಾರರು. 1980ರಲ್ಲಿ ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗನ್ ದ್ವೀಪದ ಬಳಿ ಅವರ 185 ಸಮಾಧಿಗಳನ್ನು ಪುರಾತತ್ವಜ್ಞರು ಪರಿಶೀಲಿಸಿದರು. ಹೆಪ್ಪುಗಟ್ಟಿದ ನೆಲ ಉಣ್ಣೆಯನ್ನು ಕೊಳೆಯಲು ಬಿಟ್ಟಿರಲಿಲ್ಲ.

ಚಳಿಗೆ ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚಿಕೊಂಡವರು ಟೋಪಿಯ ಬಣ್ಣದಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು ಎಂಬುದು ಮ್ಯೂಸಿಯಮ್ಮಿನ ವಿವರಣೆ. ಕೇಳಲು ಚೆನ್ನಾಗಿದೆ, ನನಗೆ ಪೂರ್ತಿ ನಂಬಿಕೆಯಿಲ್ಲ. ಬೇಸಿಗೆಯಿಡೀ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವನನ್ನು ನಡಿಗೆಯಿಂದ, ಕೆಮ್ಮಿನಿಂದ ಗುರುತಿಸಲಾಗದೇ? ಯಾರದೋ ಮನೆಯಲ್ಲಿ ಇದ್ದ ನೂಲಿಗೆ ತಕ್ಕ ಹಾಗೆ ಹೆಣೆದುಕೊಟ್ಟ ಟೋಪಿಗಳಿರಬೇಕು ಎಂದು ನನ್ನ ಊಹೆ. ಸತ್ತವನ ತಲೆಯಿಂದ ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲವಲ್ಲ, ನನಗೆ ಅದೇ ದೊಡ್ಡದು.

ಸ್ಪಿಟ್ಸ್‌ಬರ್ಗನ್ ಬಳಿ ಇವರ ಕಾಲದ ಹೆಸರಾಂತ ನೆಲೆ ಸ್ಮೇರನ್‌ಬರ್ಗ್. 1619ರಲ್ಲಿ ಶುರುವಾಗಿ 1660ರ ಹೊತ್ತಿಗೆ ಹಾಳುಬಿದ್ದ ಈ ಜಾಗದ ಬಗ್ಗೆ ಕಥೆಗಳಿಗೇನೂ ಬರವಿರಲಿಲ್ಲ: ಸಾವಿರಾರು ಜನ, ಅಂಗಡಿ, ಚರ್ಚು, ವೇಶ್ಯಾಗೃಹ! 1979ರಿಂದ 1981ರವರೆಗೆ ಗ್ರೋನಿಂಗನ್ ವಿಶ್ವವಿದ್ಯಾಲಯದ ಲೌರೆನ್ಸ್ ಹಾಕ್‌ಬೋರ್ಡ್ ತಂಡ ಅಗೆದ ಮೇಲೆ ಆ ಪಟ್ಟಣ ಕರಗಿಹೋಯಿತು. ಹೆಚ್ಚೆಂದರೆ 200 ಜನರಿದ್ದ, ಬೇಸಿಗೆಯಲ್ಲಷ್ಟೇ ನಡೆಯುತ್ತಿದ್ದ, ತಿಮಿಂಗಿಲದ ಎಣ್ಣೆ ತೆಗೆಯುವ ಕಾರ್ಖಾನೆ ಅದು. ಚಳಿಗಾಲದಲ್ಲೂ ಅಲ್ಲಿ ಉಳಿದು ನೋಡಿದವರಿದ್ದರು: 1633ರ ಚಳಿಗಾಲವನ್ನು ಅಲ್ಲಿ ಕಳೆದ ಏಳು ಮಂದಿ ಬದುಕುಳಿದರು. ಮರುವರ್ಷ ಅಲ್ಲಿ ತಂಗಿದ ಬೇರೆ ಏಳೂ ಮಂದಿ ಸತ್ತರು. 1639ರಲ್ಲಿ ಕಾರ್ನೆಲಿಸ್ ದೆ ಮಾನ್ ಬರೆದ ಸ್ಮೇರನ್‌ಬರ್ಗ್ ಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ. ಹಿನ್ನೆಲೆಯಲ್ಲಿರುವುದು ದೂರದ ಯಾನ್ ಮಾಯೆನ್ ದ್ವೀಪದ ಜ್ವಾಲಾಮುಖಿ.

ಸ್ಮೇರನ್‌ಬರ್ಗ್‌ನಲ್ಲಿ ಈಗಲೂ ಕಣ್ಣಿಗೆ ಬೀಳುವುದು ಕೊಬ್ಬು ಕಾಯಿಸುತ್ತಿದ್ದ ಒಲೆಗಳ ಗುರುತು. ತಾಮ್ರದ ಕೊಪ್ಪರಿಗೆಗಳಿಂದ ಉಕ್ಕಿ ಚೆಲ್ಲಿದ ಎಣ್ಣೆ, ಮರಳು ಜಲ್ಲಿಯೊಂದಿಗೆ ಬೆರೆತು ಕಾಂಕ್ರೀಟಿನಂತೆ ಗಟ್ಟಿಯಾಗಿ, ಒಲೆಯ ಸುತ್ತ ಬಳೆಯಾಗಿ ಕೂತಿದೆ. ಕಟ್ಟಿದ ಇಟ್ಟಿಗೆ ಹೋಗಿ ಚೆಲ್ಲಿದ್ದು ಉಳಿದಿದೆ ನೋಡಿ! ಅದಕ್ಕೂ ಈಗ ಸಮುದ್ರ ಬಾಯಿ ಹಾಕಿದೆ. ಸಮಾಧಿಗಳ ನೆಲವೂ ಕರಗುತ್ತಿದೆ.

ಆರ್ಕ್ಟಿಕ್ ಪ್ರವಾಸಕ್ಕೆ ಹೊರಟವರು ಒಂದು ವಿಷಯ ತಿಳಿದಿರಲಿ. ಸ್ಪಿಟ್ಸ್‌ಬರ್ಗನ್ ಸೇರಿರುವ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 1946ಕ್ಕಿಂತ ಹಿಂದಿನ ಮನುಷ್ಯರ ಕುರುಹುಗಳಿಗೆಲ್ಲ ಕಾನೂನಿನ ರಕ್ಷಣೆಯಿದೆ. ನೆನಪಿಗಿರಲಿ ಎಂದು ತುಕ್ಕು ಹಿಡಿದ ಮೊಳೆಯನ್ನೂ ಜೇಬಿಗಿಳಿಸಬೇಡಿ.